ಮೊದಲ ವರ್ಷದವರ ಹಾಸ್ಟೆಲ್ ಮಹಡಿಯಲ್ಲಿ ವಿಷಯ ಬಳಗ ಕಟ್ಟುವ ಕ್ರಮ: ದಾವಣಗೆರೆಯ ವಾರ್ಡನ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ಬಳಗದ ಹೆಸರನ್ನು ಫ್ಲೆಕ್ಸಿನಲ್ಲಿ ಬರೆಸಿ ಮೆಟ್ಟಿಲ ಬಳಿ ಕಟ್ಟಿದ ಮೇಲೆ ಕೂರುವ ಜಾಗ, ವಾರದ ಸಮಯ ಮತ್ತು ಹೊಣೆ ಹೊರುವವರನ್ನು ಹುಡುಕಲು ಹೊರಡುವುದರಿಂದಲೇ ಈ ಕೆಲಸ ಬಹುತೇಕ ಕಡೆ ಕೈಕೊಡುತ್ತದೆ. ಮೊದಲ ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ಮುಗಿಯುವ ಹೊತ್ತಿಗೆ ಆ ಮಹಡಿಯೂ ಉಳಿದ ಮಹಡಿಗಳಂತೆಯೇ ಆಗಿ, ಫ್ಲೆಕ್ಸ್ ಮಾತ್ರ ಗಾಳಿಗೆ ಹರಿಯುತ್ತಾ ಉಳಿಯುತ್ತದೆ. ಆದ್ದರಿಂದ ಇಲ್ಲಿ ಹಂತಗಳ ಅನುಕ್ರಮಕ್ಕೆ ಹೆಚ್ಚಿನ ಒತ್ತು ಕೊಡಲಾಗಿದೆ. ವಿಷಯದ ಆಯ್ಕೆ ಮೂರನೆಯ ಹಂತದಲ್ಲಿ ಬರುತ್ತದೆ, ಅದನ್ನು ಮೊದಲಿಗೆ ತರಬಾರದು.

ವಿಷಯ ಬಳಗವೆಂದರೆ ಒಂದೇ ಆಸಕ್ತಿಯೋ ಒಂದೇ ಅಗತ್ಯವೋ ಇರುವ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಒಂದೇ ಮಹಡಿಯಲ್ಲಿ ಇರಿಸಿ, ಆ ವಿಷಯದ ಸುತ್ತ ವಾರಕ್ಕೊಮ್ಮೆಯಾದರೂ ಒಟ್ಟಿಗೆ ಕೆಲಸ ಮಾಡಿಸುವ ವ್ಯವಸ್ಥೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದು ಗಟ್ಟಿಯಾಗಿ ನಡೆಯುವ ಕಡೆ, ಮಹಡಿಯವರು ಒಂದೆರಡು ತರಗತಿಗಳಲ್ಲಿಯೂ ಒಟ್ಟಿಗೆ ಕೂರುತ್ತಾರೆ, ಒಬ್ಬ ಅಧ್ಯಾಪಕರು ಆ ಮಹಡಿಯ ಹೊಣೆ ಹೊತ್ತಿರುತ್ತಾರೆ, ಹಿರಿಯ ವಿದ್ಯಾರ್ಥಿಯೊಬ್ಬರು ಅಲ್ಲೇ ವಾಸವಿದ್ದು ಅದಕ್ಕೆ ಸಂಭಾವನೆ ಪಡೆಯುತ್ತಾರೆ. ಮೊದಲ ಎರಡನ್ನು ನಾವು ಹಾಗೆಯೇ ತೆಗೆದುಕೊಳ್ಳಬಹುದು. ಮೂರನೆಯದಕ್ಕೆ ನಮ್ಮ ರ್‍ಯಾಗಿಂಗ್ ತಡೆ ನಿಯಮಗಳು ಅಡ್ಡಬರುತ್ತವೆ, ಅದಕ್ಕೆ ಬೇರೆ ದಾರಿಯನ್ನು ಎರಡನೆಯ ಹಂತದಲ್ಲಿ ಹೇಳಿದೆ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

ಮಹಡಿಯ ನಕ್ಷೆ, ಮೊದಲ ವರ್ಷದ ಎಲ್ಲ ಸೆಕ್ಷನ್‌ಗಳ ವೇಳಾಪಟ್ಟಿ, ಮೆಸ್ ಸಮಯದ ಪಟ್ಟಿ, ಕಳೆದ ವರ್ಷದ ಗೇಟ್ ರಿಜಿಸ್ಟರ್ ಇವು ಮೇಜಿನ ಮೇಲಿರಲಿ. ಸಾಮಾನಿನ ಪೈಕಿ ಬೀಗವಿರುವ ಒಂದು ಕಬ್ಬಿಣದ ಬೀರು, ಒಂದು ವೈಟ್‌ಬೋರ್ಡ್, ಮಡಚುವ ಕುರ್ಚಿಗಳು, ಎಕ್ಸ್‌ಟೆನ್ಷನ್ ಬೋರ್ಡ್ ಮತ್ತು ದಪ್ಪ ರಟ್ಟಿನ ಒಂದು ರಿಜಿಸ್ಟರ್ ಸಾಕು. ಪ್ರೊಜೆಕ್ಟರ್ ಇಲ್ಲದೆ ಕೆಲಸ ಶುರುವಾಗುವುದಿಲ್ಲವೆಂದು ಯಾರಾದರೂ ಹೇಳಿದರೆ, ಅವರು ಭಾಷಣ ಏರ್ಪಡಿಸುವ ಯೋಚನೆಯಲ್ಲಿದ್ದಾರೆ ಎಂದೇ ತಿಳಿಯಬೇಕು.

## ಹಂತ 1: ಜಾಗ ಮತ್ತು ಸಮಯವನ್ನು ಗೊತ್ತುಮಾಡುವುದು

ಬೇರೆ ಮಹಡಿಯವರು ದಾರಿ ಮಾಡಿಕೊಂಡು ಹಾದುಹೋಗದ ಮಹಡಿಯನ್ನೇ ಆರಿಸಬೇಕು. ಅಂದರೆ ಮೇಲಿನ ಕೊನೆಯ ಮಹಡಿಯಾಗಲಿ, ಒಂದೇ ಮೆಟ್ಟಿಲಿರುವ ಪಾರ್ಶ್ವವಾಗಲಿ ಒಳ್ಳೆಯದು. ಇಡೀ ಬಳಗ ಕುರ್ಚಿ ಹಾಕಿ ಕೂರುವಷ್ಟು ಜಾಗ ಅದೇ ಮಹಡಿಯಲ್ಲಿ ಇರಬೇಕು. ವರಾಂಡದ ಅಗಲವಾದ ಕೊನೆಯೂ ಆಗುತ್ತದೆ. ರೀಡಿಂಗ್ ರೂಮನ್ನು ಇದಕ್ಕೆ ಬಳಸುವುದು ಸಾಮಾನ್ಯ ತಪ್ಪು, ಏಕೆಂದರೆ ಓದಲು ಬಂದವರಿಗೂ ಬಳಗದವರಿಗೂ ಎರಡನೆಯ ವಾರವೇ ಜಗಳ ಹತ್ತುತ್ತದೆ. ಮೆಸ್ ಹಾಲ್ ಕೂಡ ಬೇಡ, ಅಲ್ಲಿ ಊಟದ ಮೊದಲು ತಟ್ಟೆ ಜೋಡಿಸುವ, ಊಟದ ನಂತರ ಮೇಜು ತೊಳೆಯುವ ಕೆಲಸ ನಡೆದೇ ಇರುತ್ತದೆ.

ಸಮಯದ ಆಯ್ಕೆಯಲ್ಲಿ ನಮ್ಮ ಊರಿನ ನಡೆ ಗೊತ್ತಿರಬೇಕು. ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ, ಹೊಳಲ್ಕೆರೆ ಕಡೆಯ ಮಕ್ಕಳು ಶನಿವಾರ ಮಧ್ಯಾಹ್ನ ಬ್ಯಾಗು ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ಹೊರಟರೆ, ಸೋಮವಾರ ಬೆಳಿಗ್ಗೆ ರೊಟ್ಟಿ ಚಟ್ನಿಪುಡಿಯ ಗಂಟಿನೊಂದಿಗೇ ಹಿಂತಿರುಗುವುದು. ವಾರಾಂತ್ಯದಲ್ಲಿ ಕಾರ್ಯಕ್ರಮ ಇಟ್ಟರೆ ಹೊರ ರಾಜ್ಯದವರು ಮತ್ತು ಬಸ್‌ಚಾರ್ಜಿಗೆ ಹಣವಿಲ್ಲದವರು ಮಾತ್ರ ಉಳಿದು, ಬಳಗವು ತನಗೆ ತಾನೇ ಎರಡು ಹೋಳಾಗುತ್ತದೆ. ಮಂಗಳವಾರದಿಂದ ಗುರುವಾರದೊಳಗೆ, ರಾತ್ರಿ ಊಟಕ್ಕೆ ಮೊದಲಿನ ಒಂದು ಗಂಟೆಯನ್ನು ಹಿಡಿಯಿರಿ. ಊಟದ ಗಂಟೆಯೇ ಸಭೆಯನ್ನು ಮುಗಿಸುವುದರಿಂದ ಯಾರೂ ಎಳೆದಾಡುವುದಿಲ್ಲ. ಬಳಿಕ ಕ್ಯಾಲೆಂಡರ್ ತೆಗೆದು ಗಣೇಶನ ಹಬ್ಬ, ದಸರಾ, ದೀಪಾವಳಿ ಮತ್ತು ದುಗ್ಗಮ್ಮನ ಜಾತ್ರೆ ಇರುವ ವರ್ಷವಾದರೆ ಆ ದಿನಗಳನ್ನೂ ಮೊದಲೇ ಹೊಡೆದುಹಾಕಬೇಕು. ಉಳಿದ ವಾರಗಳು ಎಷ್ಟೋ ಅಷ್ಟಕ್ಕೇ ಯೋಜನೆ ಹಾಕಬೇಕು. ಇಂಟರ್ನಲ್ಸ್ ವಾರಗಳಿಗೆ ಬೇರೆ ಗುರುತು ಹಾಕಿಡಬೇಕು, ಅವುಗಳನ್ನು ನಡೆಸುವ ಕ್ರಮವನ್ನು ಎಂಟನೆಯ ಹಂತದಲ್ಲಿ ಹೇಳಿದೆ.

## ಹಂತ 2: ಹೊಣೆ ಹೊರುವವರನ್ನು ಹೆಸರಿಸುವುದು

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2009ರ ರ್‍ಯಾಗಿಂಗ್ ತಡೆ ನಿಯಮಾವಳಿಯನ್ನು ಈ ಹಂತದಲ್ಲಿ ಎದುರಿಗಿಟ್ಟುಕೊಳ್ಳಬೇಕು. ಸಾಧ್ಯವಿರುವ ಕಡೆ ಹೊಸಬರನ್ನು ಪ್ರತ್ಯೇಕ ಬ್ಲಾಕಿನಲ್ಲಿ ಇರಿಸಬೇಕೆಂದೂ, ಆಗದಿದ್ದರೆ ಅವರ ಕೊಠಡಿಗಳ ಕಡೆಗೆ ಹಿರಿಯರು ಹೋಗುವುದನ್ನು ವಾರ್ಡನ್ ಮತ್ತು ಕಾವಲಿನವರು ಕಟ್ಟುನಿಟ್ಟಾಗಿ ಗಮನಿಸಬೇಕೆಂದೂ ಅದು ಹೇಳುತ್ತದೆ. ಅದೇ ನಿಯಮಾವಳಿಯು ಪ್ರತಿ 6 ಹೊಸಬರಿಗೆ ಹಿರಿಯ ವಿದ್ಯಾರ್ಥಿಗಳಲ್ಲಿ ಒಬ್ಬ ಮಾರ್ಗದರ್ಶಿ, ಅಂತಹ 6 ಮಾರ್ಗದರ್ಶಿಗಳಿಗೆ ಒಬ್ಬ ಮೇಲಿನ ಮಾರ್ಗದರ್ಶಿ ಎಂಬ ಏರ್ಪಾಟನ್ನೂ ಸೂಚಿಸುತ್ತದೆ. ಬಳಗದ ಗಾತ್ರವನ್ನು ಇದರಿಂದಲೇ ಲೆಕ್ಕಹಾಕಬಹುದು: 6 ಗುಂಪು, ಗುಂಪಿಗೆ 6 ಜನ, ಒಟ್ಟು 36. ಅದಕ್ಕಿಂತ ಹೆಚ್ಚಾದರೆ ಮೇಲಿನ ಮಾರ್ಗದರ್ಶಿಯ ಕೈ ತಪ್ಪುತ್ತದೆ. ಮೊದಲ ಸಲ ಮಾಡುವವರು 24ಕ್ಕೆ ನಿಲ್ಲಿಸುವುದು ಜಾಣತನ.

ಹಿರಿಯ ಮಾರ್ಗದರ್ಶಿಗಳು ಮಹಡಿಯಲ್ಲಿ ವಾಸಿಸುವಂತಿಲ್ಲ. ಅವರ ಹೆಸರಿನ ಪಟ್ಟಿಯನ್ನು ಗೇಟಿನಲ್ಲಿ ಕೊಟ್ಟು, ಬಳಗದ ಗಂಟೆಗೆ ಬಂದು ಸಹಿ ಹಾಕಿ, ಮುಗಿದೊಡನೆ ಸಹಿ ಹಾಕಿ ಹೊರಡುವ ವ್ಯವಸ್ಥೆ ಮಾಡಬೇಕು. ಭೇಟಿ ನಡೆಯುವುದು ತೆರೆದ ಜಾಗದಲ್ಲಿ ಮಾತ್ರ, ಕೊಠಡಿಯೊಳಗೆ ಯಾವ ಕಾರಣಕ್ಕೂ ಅಲ್ಲ. ಹುಡುಗಿಯರ ನಿಲಯದಲ್ಲಿ ಹಿರಿಯ ವಿದ್ಯಾರ್ಥಿನಿಯರೇ ಇರಲಿ, ಹೊರಗಿನಿಂದ ಕಲಿಸಲು ಬರುವವರನ್ನು ನೆಲಮಹಡಿಯ ಹಾಲಿಗೇ ಕರೆಯಬೇಕು.

ಹಿರಿಯರ ಆಯ್ಕೆಯಲ್ಲಿ ರ್‍ಯಾಂಕ್ ವಿದ್ಯಾರ್ಥಿಗಳನ್ನೂ ವಿದ್ಯಾರ್ಥಿ ಮುಖಂಡರನ್ನೂ ಹಿಡಿಯುವುದು ರೂಢಿ, ಮತ್ತು ಅದು ಸಾಮಾನ್ಯವಾಗಿ ತಪ್ಪು ಆಯ್ಕೆ. ಮೊದಲನೆಯವರಿಗೆ ಪುರುಸೊತ್ತಿಲ್ಲ, ಎರಡನೆಯವರಿಗೆ ಹಿಂಬಾಲಕರು ಬೇಕು. ಮೊದಲ ವರ್ಷದಲ್ಲಿ ಒಂದೆರಡು ವಿಷಯ ಫೇಲಾಗಿ ಬ್ಯಾಕ್ ಉಳಿದು, ಆಮೇಲೆ ದಡ ಸೇರಿದವರು ಇದಕ್ಕೆ ಹೆಚ್ಚು ಒದಗುತ್ತಾರೆ. ಹೆಸರು ಅಂತಿಮ ಮಾಡುವ ಮೊದಲು ಮೆಸ್ ಭಟ್ಟರನ್ನೂ ಗೇಟಿನ ಸೆಕ್ಯೂರಿಟಿಯವರನ್ನೂ ಒಂದು ಮಾತು ಕೇಳಿ. ಹುಡುಗನ ನಡತೆ ಅವರಿಗೆ ಗೊತ್ತಿರುವಷ್ಟು ಕಾಲೇಜು ಕಚೇರಿಗೆ ಗೊತ್ತಿರುವುದಿಲ್ಲ.

ಅಧ್ಯಾಪಕರು ಒಬ್ಬರೇ ಇರಲಿ, ಆದರೆ ಅವರ ವೇಳಾಪಟ್ಟಿಯಲ್ಲಿ ಆ ಗಂಟೆಯನ್ನು ಕೆಲಸದ ಭಾರವೆಂದು ಪ್ರಾಂಶುಪಾಲರು ಲಿಖಿತವಾಗಿ ತೋರಿಸಬೇಕು. ಸೇವಾಮನೋಭಾವದ ಮೇಲೆ ನಡೆಯುವ ಬಳಗ ಆ ಅಧ್ಯಾಪಕರ ಮೌಲ್ಯಮಾಪನ ಡ್ಯೂಟಿ ಬಂದ ದಿನ ನಿಲ್ಲುತ್ತದೆ.

## ಹಂತ 3: ವಿಷಯವನ್ನು ಆರಿಸುವುದು

ಜಾಗ, ಸಮಯ, ಜನ ಗೊತ್ತಾದ ಮೇಲೆ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಈ ವಿಷಯದಲ್ಲಿ ಒಂದು ಗಂಟೆಯಲ್ಲಿ ಕೈಯಿಂದ ಮಾಡುವ ಕೆಲಸ ಇದೆಯೇ? ಏನೂ ಗೊತ್ತಿಲ್ಲದವನು ಮೊದಲ ವಾರವೇ ಸೇರಿಕೊಳ್ಳಬಹುದೇ? ಇದನ್ನು ಬಲ್ಲವರು ಊರಿನಲ್ಲಿ ಸಿಗುತ್ತಾರೆಯೇ? ನಾಯಕತ್ವ, ವ್ಯಕ್ತಿತ್ವ ವಿಕಸನ, ನಾವೀನ್ಯ ಎಂಬ ವಿಷಯಗಳು ಮೊದಲನೆಯ ಪ್ರಶ್ನೆಯಲ್ಲೇ ಉದುರಿಹೋಗುತ್ತವೆ, ಏಕೆಂದರೆ ಅವುಗಳ ಹೆಸರಿನಲ್ಲಿ ಉಪನ್ಯಾಸ ಬಿಟ್ಟು ಬೇರೇನನ್ನೂ ಮಾಡಿಸಲು ತೋಚುವುದಿಲ್ಲ.

ನಮ್ಮ ಭಾಗದಲ್ಲಿ ಅತ್ಯಂತ ಅಗತ್ಯವಿರುವುದು ಭಾಷೆಯ ಬಳಗ. ಪಿಯುಸಿಯವರೆಗೆ ಕನ್ನಡದಲ್ಲೇ ಪಾಠ ಕೇಳಿಸಿಕೊಂಡು ಬಂದ ಹುಡುಗಿಯು ಎಂಜಿನಿಯರಿಂಗ್ ತರಗತಿಯಲ್ಲಿ ಇಂಗ್ಲಿಷ್ ಪಾಠದ ವೇಗಕ್ಕೆ ಬೆದರಿ ಹಿಂದಿನ ಬೆಂಚಿಗೆ ಸರಿಯುತ್ತಾಳೆ. ಆದರೆ ‘ಕನ್ನಡ ಮಾಧ್ಯಮದವರ ಮಹಡಿ’ ಎಂದು ಕಟ್ಟಿದರೆ ಅದು ದಡ್ಡರ ಮಹಡಿ ಎಂಬ ಹೆಸರು ಹೊತ್ತು, ಯಾರೂ ಅಲ್ಲಿರಲು ಒಪ್ಪದ ಸ್ಥಿತಿ ಬರುತ್ತದೆ. ಇದಕ್ಕೆ ಪರಿಹಾರ ಎದುರಿಗೇ ಇದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಧೀನದ ಕಾಲೇಜುಗಳಲ್ಲಿ ಕನ್ನಡ ಬಾರದವರು ಬಳಕೆ ಕನ್ನಡ ಓದಬೇಕು, ವೈದ್ಯಕೀಯ ಕಾಲೇಜಿಗೆ ಬಂದ ಹೊರ ರಾಜ್ಯದವರು ರೋಗಿಯೊಡನೆ ಮಾತಾಡಲಾದರೂ ಕನ್ನಡ ಕಲಿಯಬೇಕು. ಕನ್ನಡ ಮಾಧ್ಯಮದಿಂದ ಬಂದವರನ್ನೂ ಕನ್ನಡ ಕಲಿಯಬೇಕಾದ ಇವರನ್ನೂ ಅರ್ಧರ್ಧ ಸೇರಿಸಿ ‘ಎರಡು ಭಾಷೆಯ ಬಳಗ’ ಮಾಡಿದರೆ ಪ್ರತಿಯೊಬ್ಬರೂ ಒಂದು ಭಾಷೆಯಲ್ಲಿ ಗುರು, ಇನ್ನೊಂದರಲ್ಲಿ ಶಿಷ್ಯರು. ಅರ್ಧ ಗಂಟೆ ಕನ್ನಡ, ಅರ್ಧ ಗಂಟೆ ಇಂಗ್ಲಿಷ್ ಎಂದು ಗಡಿಯಾರ ಇಟ್ಟು ನಡೆಸಬೇಕು, ಇಲ್ಲದಿದ್ದರೆ ಇಂಗ್ಲಿಷ್ ಇಡೀ ಗಂಟೆಯನ್ನು ನುಂಗುತ್ತದೆ.

ನೀರು, ನಾಟಕ, ರಿಪೇರಿ ಇವೂ ಒಳ್ಳೆಯ ವಿಷಯಗಳೇ. ಭದ್ರಾ ನಾಲೆ, ಕುಂದುವಾಡ ಕೆರೆ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಇರುವ ಜಿಲ್ಲೆಯಲ್ಲಿ ನೀರಿನ ಬಳಗಕ್ಕೆ ಕೆಲಸದ ಬರವಿಲ್ಲ. ಚಿಂದೋಡಿ ಮನೆತನದ ಕೆಬಿಆರ್ ಡ್ರಾಮಾ ಕಂಪನಿಯ ಊರಿನಲ್ಲಿ ನಾಟಕ ಬಲ್ಲವರು ಸಿಗುವುದು ಕಷ್ಟವಲ್ಲ. ಚಿತ್ರದುರ್ಗದ ನಿಲಯಗಳಾದರೆ ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿಯನ್ನು ಇಟ್ಟುಕೊಂಡು ಚಾರಣ ಮತ್ತು ಶಾಸನದ ಬಳಗ ಕಟ್ಟಬಹುದು.

ಒಂದು ಎಚ್ಚರಿಕೆಯನ್ನು ಬಿಚ್ಚಿ ಹೇಳಲೇಬೇಕು. ನಮ್ಮ ಊರುಗಳಲ್ಲಿ ಜಾತಿವಾರು ನಿಲಯಗಳ ರೂಢಿ ಹಳೆಯದು. ಹಾಗಾಗಿ ಮೇಲುನೋಟಕ್ಕೆ ನಿರುಪದ್ರವಿಯಾದ ವಿಷಯವೂ ಒಂದೇ ಸಮುದಾಯದವರನ್ನು ಸೆಳೆಯಬಹುದು. ವಚನ, ಭಜನೆ, ಊಟದ ಪದ್ಧತಿ ಮುಂತಾದವುಗಳನ್ನು ವಿಷಯವಾಗಿ ಇಟ್ಟುಕೊಳ್ಳುವ ಮೊದಲು ಬರುವ ಅರ್ಜಿಗಳು ಯಾರ ಮನೆಯಿಂದ ಬರುತ್ತವೆ ಎಂದು ಯೋಚಿಸಬೇಕು. ಮಹಡಿಯನ್ನು ಸಸ್ಯಾಹಾರಿ, ಮಾಂಸಾಹಾರಿ ಎಂದು ಒಡೆಯುವುದಂತೂ ಸಲ್ಲದು.

## ಹಂತ 4: ಅರ್ಜಿ ತೆಗೆದುಕೊಳ್ಳುವುದು

ಹಾಸ್ಟೆಲ್ ಅರ್ಜಿಯ ಜೊತೆಗೇ ಅರ್ಧ ಪುಟದ ಹಾಳೆಯೊಂದನ್ನು ಕೊಡಬೇಕು. ಅದನ್ನು ವಿದ್ಯಾರ್ಥಿಯೇ, ಬೇರೆ ಮೇಜಿನಲ್ಲಿ ಕೂತು, ಕನ್ನಡದಲ್ಲೋ ಇಂಗ್ಲಿಷಿನಲ್ಲೋ ತುಂಬಬೇಕು. ತಂದೆ ಪಕ್ಕದಲ್ಲಿದ್ದರೆ ಕೆಲಸಕ್ಕೆ ಬರುವಂತೆ ಕಾಣುವ ಪೆಟ್ಟಿಗೆಗೆ ಗುರುತು ಬೀಳುತ್ತದೆ, ಹುಡುಗನ ಇಷ್ಟ ಹೊರಗೆ ಬರುವುದಿಲ್ಲ. ಕೇಳಬೇಕಾದದ್ದು ಇಷ್ಟು: ಯಾವ ಬಳಗ, ಏಕೆ ಎಂದು ಎರಡು ಸಾಲು, ನೀವು ಬೇರೆಯವರಿಗೆ ಏನನ್ನು ಕಲಿಸಬಲ್ಲಿರಿ, ಬಳಗ ಬೇಡ, ಸಾಮಾನ್ಯ ಕೊಠಡಿ ಸಾಕು ಎನ್ನುವಿರಾ. ಕೊನೆಯ ಆಯ್ಕೆ ಕಡ್ಡಾಯವಾಗಿ ಇರಲೇಬೇಕು, ಬಲವಂತವಾಗಿ ಸೇರಿಸಿದವರೇ ಆಮೇಲೆ ಬಳಗವನ್ನು ಒಳಗಿನಿಂದ ಕೆಡಿಸುವುದು. ಅಂಕ, ಜಾತಿ, ತಂದೆಯ ಉದ್ಯೋಗ ಆ ಹಾಳೆಯಲ್ಲಿ ಬೇಡ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ಸುತ್ತು ಸುತ್ತಾಗಿ ನಡೆಯುವುದರಿಂದ ವಿದ್ಯಾರ್ಥಿಗಳು ಒಮ್ಮೆಲೇ ಬರುವುದಿಲ್ಲ. ಮೊದಲು ಬಂದವರಿಗೇ ಎಲ್ಲ ಹಾಸಿಗೆ ಕೊಟ್ಟುಬಿಟ್ಟರೆ ಕೊನೆಯ ಸುತ್ತಿನವರಿಗೆ ಬಳಗವೇ ಇಲ್ಲವಾಗುತ್ತದೆ. ನಾಲ್ಕನೆಯ ಒಂದು ಭಾಗದಷ್ಟು ಹಾಸಿಗೆಗಳನ್ನು ತಡವಾಗಿ ಬರುವವರಿಗೆ ಕಾದಿರಿಸಬೇಕು.

## ಹಂತ 5: ಕೊಠಡಿ ಹಂಚುವುದು

ಒಂದು ಕೊಠಡಿಯಲ್ಲಿ ಒಂದೇ ಊರಿನ ಇಬ್ಬರು ಬೇಡ, ಒಂದೇ ಪಿಯು ಕಾಲೇಜಿನ ಇಬ್ಬರೂ ಬೇಡ. ವಿಟಿಯು ಕಾಲೇಜುಗಳಲ್ಲಿ ಮೊದಲ ವರ್ಷದವರನ್ನು ಎರಡು ಪಾಲು ಮಾಡಿ, ಮೊದಲ ಸೆಮಿಸ್ಟರಿನಲ್ಲಿ ಒಂದು ಪಾಲಿಗೆ ಫಿಸಿಕ್ಸ್ ಸೇರಿದ ವಿಷಯಗಳನ್ನೂ ಇನ್ನೊಂದಕ್ಕೆ ಕೆಮಿಸ್ಟ್ರಿ ಸೇರಿದ ವಿಷಯಗಳನ್ನೂ ಕಲಿಸುತ್ತಾರೆ. ಈ ಫಿಸಿಕ್ಸ್ ಸೈಕಲ್‌ನವರನ್ನೂ ಕೆಮಿಸ್ಟ್ರಿ ಸೈಕಲ್‌ನವರನ್ನೂ ಒಂದೇ ಕೊಠಡಿಯಲ್ಲಿ ಬೆರೆಸುವುದು ಲಾಭದಾಯಕ. ಎರಡನೆಯ ಸೆಮಿಸ್ಟರಿನಲ್ಲಿ ಸೈಕಲ್ ಅದಲುಬದಲಾದಾಗ ನೋಟ್ಸು, ಲ್ಯಾಬ್ ಮ್ಯಾನ್ಯುಯಲ್, ಹಳೆಯ ಪ್ರಶ್ನೆಪತ್ರಿಕೆ ಕೊಠಡಿಯೊಳಗೇ ಕೈ ಬದಲಾಗುತ್ತವೆ. ಆದರೆ ಇಡೀ ಬಳಗ ಎರಡು ಸೆಕ್ಷನ್‌ಗಳಿಗಿಂತ ಹೆಚ್ಚಿಗೆ ಹರಡಬಾರದು, ಹರಡಿದರೆ ಒಟ್ಟಿಗೆ ಕೂರುವ ತರಗತಿಯೂ ಇಲ್ಲ, ಎಲ್ಲರಿಗೂ ಬಿಡುವಿರುವ ಸಂಜೆಯೂ ಇಲ್ಲ.

ಮೊದಲ ದಿನವೇ ಯಾರಾದರೂ ಬಂದು, “ಸರ್, ಆ ರೂಮ್ ಬ್ಯಾಡ್ರಿ, ನಮ್ಮೂರ್ ಹುಡುಗನ್ ಜೊತೆ ಹಾಕ್ರಿ” ಎನ್ನುತ್ತಾರೆ. “ನಾಲ್ಕು ವಾರ ಇರಪ್ಪ, ಆಮೇಲೂ ಬ್ಯಾಡ ಅನ್ನಿಸಿದ್ರೆ ನಾನೇ ಬದಲಿಸ್ತೀನಿ” ಎಂದು ಹೇಳಿ, ಆ ದಿನಾಂಕವನ್ನು ಅವನ ಎದುರಿಗೇ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಬರೆದುಕೊಂಡದ್ದು ಕಂಡರೆ ಹುಡುಗ ಸಮಾಧಾನದಿಂದ ಹೋಗುತ್ತಾನೆ. ಆರೋಗ್ಯದ ತೊಂದರೆ ಅಥವಾ ಕಿರುಕುಳದ ದೂರು ಇದ್ದರೆ ಮಾತ್ರ ನಾಲ್ಕು ವಾರದ ಮಾತೇ ಇಲ್ಲ, ಅದೇ ರಾತ್ರಿ ಬದಲಿಸಬೇಕು.

## ಹಂತ 6: ಮೊದಲ ಹತ್ತು ದಿನ

ರ್‍ಯಾಗಿಂಗ್ ವಿರುದ್ಧದ ಮುಚ್ಚಳಿಕೆಯನ್ನು ವಿದ್ಯಾರ್ಥಿ ಮತ್ತು ಪೋಷಕರಿಬ್ಬರಿಂದಲೂ ಪಡೆದಿರಬೇಕು. ಸಹಾಯವಾಣಿ 1800-180-5522 ಸಂಖ್ಯೆಯನ್ನು ಪ್ರತಿ ಕೊಠಡಿಯ ಬಾಗಿಲ ಒಳಬದಿಗೆ ಅಂಟಿಸಬೇಕು. ಹೊರಗಿನ ನೋಟಿಸ್ ಬೋರ್ಡಿನಲ್ಲಿ ನಿಂತು ಸಂಖ್ಯೆ ಬರೆದುಕೊಳ್ಳುವ ಧೈರ್ಯ ಹೆದರಿದವರಿಗೆ ಇರುವುದಿಲ್ಲ.

ಹೊಸಬರನ್ನು ಸಾಲಾಗಿ ನಿಲ್ಲಿಸಿ ಹಿರಿಯರ ಎದುರು ‘ಇಂಟ್ರೊ’ ಕೊಡಿಸುವುದನ್ನು ಮೊದಲ ಭೇಟಿಯಿಂದಲೇ ತೆಗೆದುಹಾಕಬೇಕು, ಎಷ್ಟೇ ನಗುನಗುತ್ತ ನಡೆದರೂ. ಅದರ ಬದಲು ಕೆಲಸದಿಂದ ಶುರು ಮಾಡಿ. ಎರಡು ಭಾಷೆಯ ಬಳಗವಾದರೆ ಇಬ್ಬಿಬ್ಬರು ಸೇರಿ ಮೆಸ್‌ನ ವಾರದ ಊಟದ ಪಟ್ಟಿಯನ್ನು ಎರಡೂ ಭಾಷೆಯಲ್ಲಿ ಬರೆದು ಗೋಡೆಗೆ ಹಚ್ಚಲಿ. ಮುದ್ದೆಯನ್ನು ಕೇರಳದ ಹುಡುಗನಿಗೆ ಇಂಗ್ಲಿಷಿನಲ್ಲಿ ವಿವರಿಸಲು ಜಗಳೂರಿನ ಹುಡುಗ ಪಡುವ ಪಾಡಿನಲ್ಲಿ ಪರಿಚಯ ತಾನಾಗಿ ಆಗುತ್ತದೆ.

ಹೊಸಬರನ್ನು ಸಣ್ಣ ಗುಂಪುಗಳಾಗಿ ಮಾಡಿ ಅಧ್ಯಾಪಕರೊಬ್ಬರು ಪ್ರತಿದಿನ ಪ್ರತ್ಯೇಕವಾಗಿ ಮಾತಾಡಿಸಬೇಕೆಂಬುದು ಯುಜಿಸಿ ನಿಯಮದಲ್ಲೇ ಇದೆ. ಇದಕ್ಕೆಂದು ಸಭೆ ಕರೆಯುವುದು ಬೇಡ, ಬೆಳಗಿನ ತಿಂಡಿಯ ಹೊತ್ತಿಗೆ ಮೆಸ್‌ನಲ್ಲಿ ಒಂದು ಸುತ್ತು ಹಾಕಿದರೆ ಸಾಕು.

## ಹಂತ 7: ವಾರದ ಗಂಟೆಯನ್ನು ನಡೆಸುವುದು

ಒಂದು ತಿಂಗಳನ್ನು ಒಂದು ಕೆಲಸಕ್ಕೆ ಮೀಸಲಿಡಬೇಕು. ನೀರಿನ ಬಳಗದ ಮೊದಲ ತಿಂಗಳು ಹೀಗೆ ಸಾಗಬಹುದು: ಮೊದಲ ವಾರ ಸಂಪಿನಿಂದ ಮೇಲಿನ ಟ್ಯಾಂಕಿನವರೆಗೆ ನಿಲಯದ ಪೈಪುಗಳ ಜಾಡು ಹಿಡಿದು ನಕ್ಷೆ ಬರೆಯುವುದು. ಎರಡನೆಯ ವಾರ ಸೋರುವ ನಲ್ಲಿಗಳ ಕೆಳಗೆ ಒಂದು ಲೀಟರಿನ ಬಾಟಲಿ ಇಟ್ಟು, ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ಮೊಬೈಲಿನಲ್ಲಿ ಎಣಿಸುವುದು. 10 ನಿಮಿಷಕ್ಕೆ ಬಾಟಲಿ ತುಂಬಿತೆಂದರೆ ದಿನಕ್ಕೆ 144 ಲೀಟರ್ ಪೋಲು, ಈ ಲೆಕ್ಕವನ್ನು ಹುಡುಗರೇ ಬೋರ್ಡಿನ ಮೇಲೆ ಮಾಡಬೇಕು. ಮೂರನೆಯ ವಾರ ಪ್ಲಂಬರ್ ಒಬ್ಬರನ್ನು ಕರೆಸಿ ವಾಷರ್ ಬದಲಿಸುವುದನ್ನು ಕಲಿತು ತಾವೇ ಬದಲಿಸುವುದು. ನಾಲ್ಕನೆಯ ವಾರ ಹಗಲಿನಲ್ಲಿ ಕುಂದುವಾಡ ಕೆರೆಗೆ ಹೋಗಿಬರುವುದು. ಹೊರಗೆ ಹೋಗುವ ವಾರಕ್ಕೆ ಪೋಷಕರ ಒಪ್ಪಿಗೆ ಪತ್ರ ಮೊದಲೇ ಬಂದಿರಬೇಕು, ನೀರಿನ ಹತ್ತಿರ ಇಳಿಯುವಂತಿಲ್ಲವೆಂಬ ಮಾತು ಅದರಲ್ಲಿ ಬರೆದಿರಬೇಕು.

ರಿಜಿಸ್ಟರಿನ ಪ್ರತಿ ಪುಟದಲ್ಲಿ ನಾಲ್ಕು ಸಾಲು ಸಾಕು: ದಿನಾಂಕ, ಬಂದವರ ಸಹಿ, ಮಾಡಿದ ಕೆಲಸ, ಮುಂದಿನ ವಾರಕ್ಕೆ ಯಾರು ಏನು ತರಬೇಕು. ನಾಲ್ಕನೆಯ ಸಾಲು ಖಾಲಿ ಬಿಟ್ಟ ದಿನ ಮುಂದಿನ ವಾರದ ಗಂಟೆ ಬಹುಮಟ್ಟಿಗೆ ಹರಟೆಯಲ್ಲಿ ಹೋಗುತ್ತದೆ. ಹಾಜರಿಗೆ ಅಂಕ ಕೊಡುವುದಾಗಲಿ, ಬಾರದವರಿಗೆ ದಂಡ ಹಾಕುವುದಾಗಲಿ ಬೇಡ. ಸಂಜೆಯ ಮಂಡಕ್ಕಿ ಮೆಣಸಿನಕಾಯಿಗೆ ತಿಂಗಳಿಗೊಮ್ಮೆ ಮೆಸ್ ಸಮಿತಿಯಿಂದ ಹಣ ಕೊಡಿಸಿದರೆ ದಂಡಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

## ಹಂತ 8: ಇಂಟರ್ನಲ್ಸ್ ವಾರವನ್ನು ದಾಟಿಸುವುದು

ಬಳಗಗಳು ನಿಲ್ಲುವುದು ಇಲ್ಲಿ. ಪರೀಕ್ಷೆಯೆಂದು ಒಂದು ವಾರ ರದ್ದು ಮಾಡಿದರೆ, ಅದರ ಹಿಂದೆ ಹಬ್ಬದ ರಜೆ ಬಂದರೆ, ಮೂರು ವಾರದ ಬಿಡುವು ಆಗಿ ಆಮೇಲೆ ಯಾರೂ ಕುರ್ಚಿ ಹಾಕುವುದಿಲ್ಲ. ಆದ್ದರಿಂದ ಗಂಟೆಯನ್ನು ರದ್ದು ಮಾಡದೆ ಕೆಲಸವನ್ನು ಬದಲಿಸಬೇಕು. ಅದೇ ಜಾಗ, ಅದೇ ಸಮಯ, ಆದರೆ ಆ ವಾರ ಗಣಿತದ ಹಳೆಯ ಪ್ರಶ್ನೆಪತ್ರಿಕೆಯನ್ನು ಒಟ್ಟಿಗೆ ಬಿಡಿಸುವುದು. ಬಂದವರಿಗೆ ಬಳಗದಿಂದ ಓದಿಗೂ ಉಪಯೋಗವಿದೆಯೆಂದು ಆಗಲೇ ಮನವರಿಕೆಯಾಗುತ್ತದೆ.

## ಗಮನಿಸಬೇಕಾದ ಅಪಾಯದ ಸೂಚನೆಗಳು

ಹಾಜರಿ ಕಡಿಮೆಯಾಗುವುದು ತಡವಾಗಿ ಕಾಣುವ ಲಕ್ಷಣ. ಅದಕ್ಕೂ ಮೊದಲು ರಿಜಿಸ್ಟರಿನಲ್ಲಿ ಅದೇ ನಾಲ್ವರ ಹೆಸರು ಪ್ರತಿ ವಾರದ ಕೆಲಸಕ್ಕೆ ಬರತೊಡಗುತ್ತದೆ, ಬೀರುವಿನ ಬೀಗದ ಕೈ ಎಲ್ಲಿದೆಯೆಂದು ಇಬ್ಬರಿಗಿಂತ ಹೆಚ್ಚು ಜನರಿಗೆ ಗೊತ್ತಿರುವುದಿಲ್ಲ, ಮೆಸ್‌ನಲ್ಲಿ ಬಳಗದವರು ಊರೂರಿನ ಗುಂಪಾಗಿ ಕೂರುತ್ತಾರೆ. ಇವು ಕಂಡರೆ ಗುಂಪುಗಳನ್ನು ಕಲಸಿ ಹೊಸದಾಗಿ ಮಾಡಬೇಕು.

ಇನ್ನು ಕೆಲವು ಸೂಚನೆಗಳು ಬಳಗದ ಯಶಸ್ಸಿಗಿಂತ ದೊಡ್ಡವು. ಹಿರಿಯ ಮಾರ್ಗದರ್ಶಿಗೆ ಹೊಸಬರು ಬಟ್ಟೆ ಒಗೆದುಕೊಡುವುದು, ರೆಕಾರ್ಡ್ ಬರೆದುಕೊಡುವುದು, ಅವನು ಬಂದೊಡನೆ ಎದ್ದು ತಲೆ ತಗ್ಗಿಸುವುದು, ಬಳಗದ ಹೆಸರಿನಲ್ಲಿ ಹಣ ಎತ್ತುವುದು ಇವುಗಳಲ್ಲಿ ಒಂದು ಕಂಡರೂ ಆ ದಿನವೇ ಅವನ ಹೆಸರನ್ನು ಗೇಟಿನ ಪಟ್ಟಿಯಿಂದ ತೆಗೆದು, ರ್‍ಯಾಗಿಂಗ್ ತಡೆ ಸಮಿತಿಗೆ ಲಿಖಿತ ವರದಿ ಕೊಡಬೇಕು. ಅಪರಾಧದ ಸ್ವರೂಪವಿದ್ದರೆ ಮಾಹಿತಿ ಬಂದ 24 ಗಂಟೆಯೊಳಗೆ ಪೊಲೀಸ್ ದೂರು ಸಂಸ್ಥೆಯ ಮುಖ್ಯಸ್ಥರ ಕರ್ತವ್ಯ, ಒಳಗೊಳಗೇ ರಾಜಿ ಮಾಡಿಸುವ ಅಧಿಕಾರ ವಾರ್ಡನ್‌ಗೆ ಇಲ್ಲ. ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಹೆಸರಿಲ್ಲದ ಚೀಟಿಗಳಲ್ಲಿ ಅಭಿಪ್ರಾಯ ಕೇಳುವುದನ್ನು ನಿಯಮವೇ ಹೇಳುವುದರಿಂದ ಅದನ್ನು ತಪ್ಪಿಸಬಾರದು. ಚೀಟಿಗಳನ್ನು ಹಿರಿಯರ ಕೈಯಲ್ಲಿ ಸಂಗ್ರಹಿಸಬಾರದು.

ಒಬ್ಬ ವಿದ್ಯಾರ್ಥಿ ಎರಡು ಮೂರು ಊಟ ತಪ್ಪಿಸಿದರೆ, ಶನಿವಾರ ಊರಿಗೆ ಹೋದವನು ಬುಧವಾರವಾದರೂ ಬಾರದಿದ್ದರೆ, ರಾತ್ರಿಯಿಡೀ ಎಚ್ಚರವಿದ್ದು ಹಗಲು ಮಲಗಿದರೆ ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಮಾತಾಡಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದೆಂದು ತಿಳಿಸಬೇಕು, ಬೇಕಾದರೆ ಪಕ್ಕದಲ್ಲಿ ಕೂತು ಕರೆ ಮಾಡಿಸಬೇಕು.

## ಹಂತ 9: ಮುಂದಿನ ವರ್ಷಕ್ಕೆ ಒಪ್ಪಿಸುವುದು

ಎರಡನೆಯ ಸೆಮಿಸ್ಟರಿನ ಪರೀಕ್ಷೆಗೆ ಓದುವ ರಜೆ ಬಿಡುವ ಮೊದಲೇ ಇದು ಮುಗಿಯಬೇಕು, ರಜೆ ಶುರುವಾದರೆ ಯಾರೂ ಕೈಗೆ ಸಿಗುವುದಿಲ್ಲ. ಈ ವರ್ಷದ ಬಳಗದಿಂದ ಮುಂದಿನ ವರ್ಷದ ಮಾರ್ಗದರ್ಶಿಗಳ ಹೆಸರು ತೆಗೆದುಕೊಂಡು ಎರಡನೆಯ ಹಂತದ ಕ್ರಮದಲ್ಲೇ ಆರಿಸಬೇಕು. ರಿಜಿಸ್ಟರಿನ ಪುಟ ತಿರುವಿ ಯಾವ ತಿಂಗಳ ಕೆಲಸಕ್ಕೆ ಸಹಿಗಳು ಹೆಚ್ಚು, ಯಾವುದಕ್ಕೆ ಕಡಿಮೆ ಎಂದು ನೋಡಿ, ಕಡಿಮೆ ಬಂದದ್ದನ್ನು ಕೈಬಿಡಬೇಕು. ಇಡೀ ವಿಷಯವೇ ಸೋತಿದ್ದರೆ ಮಹಡಿ, ಸಮಯ, ಜನ ಹಾಗೆಯೇ ಇರಲಿ, ವಿಷಯವನ್ನು ಮಾತ್ರ ಬದಲಿಸಬೇಕು. ಬೀರುವಿನ ಸಾಮಾನನ್ನು ಎಣಿಸಿ, ಪಟ್ಟಿಗೆ ವಾರ್ಡನ್ ಮತ್ತು ಅಧ್ಯಾಪಕರಿಬ್ಬರೂ ಸಹಿ ಹಾಕಿ, ಬೀಗದ ಕೈಯನ್ನು ನಿಲಯದ ಕಚೇರಿಯಲ್ಲಿ ಇರಿಸಬೇಕು.